ತಕ್ಕದ್ದು

ಮಸೂದೆ ಮೂವತ್ತೊಂದು ಪುಟ.
ಕೊಡಿಯಾಲ್‌ಬೈಲಿನ ಕೋರ್ಟಿನ ಹತ್ತಿರ, ಜೆರಾಕ್ಸ್ ಅಂಗಡಿಯ ಅಟ್ಟದಲ್ಲಿ
ಪುಟಕ್ಕೆ ಇನ್ನೂರ ಇಪ್ಪತ್ತರಂತೆ ಕನ್ನಡಕ್ಕಿಳಿಸುತ್ತಿದ್ದೇನೆ.
ಕ್ರಯಪತ್ರ, ವೀಲುನಾಮೆ, ಗಲ್ಫಿಗೆ ಹೋದವರ ಮುಖ್ತ್ಯಾರುನಾಮೆ ಎಂದು
ಇಪ್ಪತ್ತೆರಡು ವರ್ಷ ಸವೆದ ಬೆರಳಿಗೆ ಈಗ ಇದು:
ಪ್ರಯೋಗಶಾಲೆಯಲ್ಲಿ ಹುಟ್ಟುವ ಅಮಲಿನ ವಿರುದ್ಧ
ದೇಶದೇಶಗಳು ಕೈಜೋಡಿಸುವ ಕಾನೂನು.

ಇದರಲ್ಲಿ ಗಸಗಸೆ ಗದ್ದೆಯಿಲ್ಲ, ಗಾಂಜಾ ಗಿಡವಿಲ್ಲ,
ಕಿತ್ತು ಸುಡಲು ಬೇರಿಲ್ಲ.
ಒಂದು ಅಣು, ಅದಕ್ಕೊಂದು ಬಾಲ.
ಅನುಸೂಚಿಗೆ ಹೆಸರು ಸೇರಿಸುವಷ್ಟರಲ್ಲಿ
ಯಾವನೋ ಎಲ್ಲೋ ಬಾಲ ಬದಲಿಸಿರುತ್ತಾನೆ;
ಕಾನೂನಿನ ಮುಷ್ಟಿಯಲ್ಲಿ ಮಿಡುಕುವುದು
ಹಲ್ಲಿ ಬಿಟ್ಟುಹೋದದ್ದು ಮಾತ್ರ.

ನಮ್ಮ ಕಾನೂನು ಕನ್ನಡಕ್ಕೂ ಒಂದು ಬಾಲ ಉಂಟು: ತಕ್ಕದ್ದು.
ಸಹಕರಿಸತಕ್ಕದ್ದು. ಒದಗಿಸತಕ್ಕದ್ದು. ಒಪ್ಪಿಸತಕ್ಕದ್ದು.
ದನಿಯೆತ್ತದೆ ಬೆನ್ನಿಗೆ ಬೆತ್ತ ತಾಗಿಸುವ ಶಬ್ದ.
ಪುಟ ಮಗುಚಿದರೆ ಅವೇ ಕ್ರಿಯಾಪದಗಳು
ಮಂಜುಗಡ್ಡೆ ತೀರಿದ ಮೀನಿನ ಹಾಗೆ ಮೆತ್ತಗಾಗಿ
ಬಹುದು, ಬಹುದು ಎನ್ನುತ್ತವೆ.
ಸಾರ್ವಭೌಮತೆಗೆ ಧಕ್ಕೆಯೆನಿಸಿದರೆ ನಿರಾಕರಿಸಬಹುದು.
ಇಲ್ಲಿ ದಕ್ಕೆಯೆಂದರೆ ದೋಣಿ ಬಂದು ನಿಲ್ಲುವ ಜಾಗ.
ನಡುವೆ ಒಂದೇ ಒಂದು ಮಹಾಪ್ರಾಣದ ಉಸಿರು.

ಸಹಕಾರ ಎಂದು ಬರೆದು, ಸುಮ್ಮನೆ, ನಿಘಂಟು ತೆರೆದೆ.
ಹಳೆಯ ಕವಿಗಳಿಗೆ ಅದು ಮಾವಿನ ಮರ.
ಸುಗಂಧಿಯಕ್ಕನಿಗೆ ಮೀನುಗಾರರ ಸೊಸೈಟಿ, ವಾರಕ್ಕೆ ಆರುನೂರರ ಕಂತು.

ಅಗೋ, ಮೆಟ್ಟಿಲು ಕಿರುಗುಟ್ಟಿತು. ಅವಳೇ.
ಬೆಳಗ್ಗೆ ದಕ್ಕೆಯಲ್ಲಿ ಬೂತಾಯಿ ಬೇರೆ, ಬಂಗುಡೆ ಬೇರೆ ಎಂದು ವಿಂಗಡಿಸಿ
ತಾರೀಕು ಇದ್ದ ದಿನ ಕೈತೊಳೆದು ಇಲ್ಲಿಗೆ ಬರುತ್ತಾಳೆ.
ಮಗ ಲೋಹಿತನೂ ವಿಂಗಡಿಸುವವನೇ, ಕೊರಿಯರ್ ಆಫೀಸಿನಲ್ಲಿ.
ಅಕ್ವೇರಿಯಂ ತೊಳೆಯುವ ಪುಡಿ ಎಂದು ಬರೆದ ಪೊಟ್ಟಣಗಳನ್ನು
ಬೇರೆ ಚೀಲಕ್ಕೆ ಹಾಕಿದ, ಹನ್ನೊಂದು ಸಲ.

"ಕಾಗದ ಬಂತಾ ಅಣ್ಣ?"
"ಇಲ್ಲ."
"ಅವನಿಗೆ ಸ್ವಲ್ಪ ಗೊತ್ತಿತ್ತು. ನಾನು ಸುಳ್ಳು ಹೇಳುವುದಿಲ್ಲ.
ಆದರೆ ಕಳಿಸಿದವನು ಯಾರು ಅಂತ ಅವನಿಗೂ ಗೊತ್ತಿಲ್ಲ ಅಲ್ವಾ?
ದೇರಳಕಟ್ಟೆಯ ಹಾಸ್ಟೆಲಿನಲ್ಲಿ ಸತ್ತನಲ್ಲ, ಆ ಹುಡುಗನ ಅಮ್ಮನೂ ಬರ್ತಾರೆ.
ಒಂದೇ ಬೆಂಚು. ಮೊದಲು ಆ ತುದಿಯಲ್ಲಿ ಕೂತಿದ್ದರು.
ಕಳೆದ ಸಲ ಫ್ಯಾನ್ ಇರುವ ಕಡೆ ಸರಿದು ಕೂತರು.
ಅವರೂ ಅದೇ ಕಾಗದಕ್ಕೆ ಕಾಯುವುದು."

ಆ ಕಾಗದದ ಕಥೆ ನನಗೆ ಗೊತ್ತು.
ಕಳಿಸಿದವನ ಹೆಸರಿರುವುದು ಕಡಲಾಚೆಯ ಒಂದು ಕಂಪ್ಯೂಟರಿನಲ್ಲಿ.
ದಯಮಾಡಿ ತೆರೆದು ಹೇಳಿ ಎಂದು ಇಲ್ಲಿನ ನ್ಯಾಯಾಧೀಶರ ಕೋರಿಕೆ
ಬೆಂಗಳೂರು, ದೆಲ್ಲಿ, ರಾಯಭಾರ ಕಚೇರಿ ಎಂದು ಅಲೆದು
ಹತ್ತು ತಿಂಗಳಿಗೆ ಹಿಂದಿರುಗಿತು.
ಏಳನೇ ಪುಟದ ಅನುವಾದಕ್ಕೆ ಮೊಹರಿಲ್ಲ.

ಅನುವಾದ ನನ್ನದು.
ಆ ಸಂಜೆ ಶಾಯಿಯ ಪ್ಯಾಡ್ ಒಣಗಿತ್ತು,
ತೊಕ್ಕೊಟ್ಟಿಗೆ ಕೊನೆಯ ಬಸ್ಸು ಹಾರ್ನ್ ಹಾಕುತ್ತಿತ್ತು,
ಒತ್ತಿದೆ ಅಂದುಕೊಂಡೆ.
ಅವಳಿಗೆ ಇದನ್ನು ಹೇಳಿಲ್ಲ.
ಮತ್ತೆ ಹೊರಟ ಲಕೋಟೆಗೆ ಈಗ ಒಂಬತ್ತನೇ ತಿಂಗಳು.

"ಈಗ ಎಂತ ಬರೀತಿದ್ದೀರಿ?"
"ಇಂಥ ಕಾಗದ ಬೇಗ ಬರಬೇಕು ಅಂತ ಒಂದು ಕಾನೂನು."
"ಬರ್ತದಾ?"
ಫ್ಯಾನಿನ ಕೆಳಗೆ ಹಾಳೆಗಳು ಎದ್ದು ಕೂತವು.

ಅವಳು ಇಳಿದುಹೋದ ಮೇಲೆ ಹದಿನಾಲ್ಕನೇ ಕಲಮು:
ಕೋರಿಕೆ ತಲುಪಿದ ಮೂವತ್ತು ದಿನಗಳ ಒಳಗೆ ಉತ್ತರಿಸ
ಇಲ್ಲಿ ಕೈ ನಿಂತಿತು.
ಮೂಲದಲ್ಲಿರುವುದು ಬಹುದು.
ನಾನು ತಕ್ಕದ್ದು ಎಂದು ಬರೆದೆ.
ಕೆಳಗೆ ಜೆರಾಕ್ಸ್ ಯಂತ್ರ ಯಾರದೋ ಜಾಮೀನು ಅರ್ಜಿಯ
ನಾಲ್ಕು ಪ್ರತಿ ತೆಗೆಯುವವರೆಗೆ ನೋಡುತ್ತ ಕೂತೆ.
ಆಮೇಲೆ ಅಳಿಸಿದೆ.

ಮೇಜಿನ ಕಾಲಿನ ಬಳಿ, ಬೇಡವೆಂದರೂ ಅವಳು ಇಟ್ಟುಹೋದ ಬೂತಾಯಿ,
ಪ್ಲಾಸ್ಟಿಕ್ ಚೀಲದಿಂದ ಸಣ್ಣಗೆ ನೀರು.
ಹಾಳೆಗಳನ್ನೆತ್ತಿ ಮೇಲಿಟ್ಟೆ.
ಹೊಸ ಪ್ಯಾಡಿನ ಮುಚ್ಚಳ ತೆಗೆದು
ಒಂದರಿಂದ ಶುರುಮಾಡಿ, ಎಣಿಸುತ್ತ,
ಒತ್ತಿದೆ.